ಕೆಂಗೇರಿಯ ಸದ್ದು, ದೆಹಲಿಯ ಲೆಕ್ಕ

2021ರ ನವೆಂಬರ್ 26, ಶುಕ್ರವಾರ. ಬೆಳಿಗ್ಗೆ 11.50ರಿಂದ ಮಧ್ಯಾಹ್ನ 12.15ರ ನಡುವೆ ಹೆಮ್ಮಿಗೆಪುರ, ಕೆಂಗೇರಿ, ಜ್ಞಾನಭಾರತಿ, ರಾಜರಾಜೇಶ್ವರಿನಗರ, ಕಗ್ಗಲೀಪುರದ ಜನರಿಗೆ ಭಾರಿ ಸದ್ದು ಕೇಳಿಸಿತು, ನೆಲ ಸಣ್ಣಗೆ ಅದುರಿದಂತಾಯಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಭೂಕಂಪಮಾಪಕಗಳ ದಾಖಲೆ ತೆಗೆದು ನೋಡಿತು. ಕಂಪನದ ಸುಳಿವೇ ಇರಲಿಲ್ಲ. ಹಾಗಾದರೆ ಅದೇನು? ನೆಲದ ಲೆಕ್ಕ ಇಡುವ ಕೇಂದ್ರ ಭೂಕಂಪವಲ್ಲ ಎಂದಷ್ಟೇ ಹೇಳಬಲ್ಲದು. ಆಕಾಶದ ಲೆಕ್ಕ ಬೇರೆಯವರ ಕೈಯಲ್ಲಿದೆ.

ಅದಕ್ಕೆ ಒಂದೂವರೆ ವರ್ಷ ಮೊದಲು ಇಂಥದ್ದೇ ಸದ್ದಿಗೆ ಉತ್ತರ ಸಿಕ್ಕಿತ್ತು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿ, ಬಾಗಿಲುಗಳು ನಡುಗಿದವು. ಭೂಕಂಪದಿಂದ ಹಿಡಿದು ಅನ್ಯಗ್ರಹ ಜೀವಿಗಳವರೆಗೆ ಊಹೆಗಳು ಹರಿದಾಡಿದವು. ರಕ್ಷಣಾ ಇಲಾಖೆ ಅದೇ ದಿನ ಬಾಯಿಬಿಟ್ಟಿತು. ವಾಯುಪಡೆಯ ಪರೀಕ್ಷಾ ಸಂಸ್ಥೆ ಎಎಸ್‌ಟಿಇಯ ವಿಮಾನವೊಂದು ನಗರದಿಂದ ಆಚೆಗೆ, ತನಗೆ ಗೊತ್ತುಮಾಡಿದ ವಾಯುಪ್ರದೇಶದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರಿತ್ತು. 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ತಗ್ಗಿಸುವಾಗ ಆ ಸದ್ದು ಹುಟ್ಟಿರಬೇಕು. 65ರಿಂದ 80 ಕಿ.ಮೀ. ದೂರಕ್ಕೂ ಅದು ಕೇಳಬಹುದು ಎಂದಿತು.

ವಿಮಾನ ಶಬ್ದದ ವೇಗವನ್ನು ಮೀರಿದಾಗ ಅದು ಎಬ್ಬಿಸಿದ ಒತ್ತಡದ ಅಲೆಗಳಿಗೆ ಮುಂದೆ ಸರಿದು ಜಾಗ ಬಿಡಲು ಸಮಯ ಸಿಗದು. ಒಂದರ ಮೇಲೊಂದು ಸೇರಿ ಒಂದೇ ಅಲೆಯಾಗಿ ನೆಲ ತಲುಪುತ್ತವೆ. ಕಿವಿಗೆ ಅದು ಸಿಡಿತ. ಇದೇ ಸೋನಿಕ್ ಬೂಮ್.

ಆ ಹೇಳಿಕೆಯಲ್ಲಿ ವಿಮಾನದಲ್ಲಿ ಏನನ್ನು ಪರೀಕ್ಷಿಸುತ್ತಿದ್ದರು ಎಂಬುದು ಇರಲಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು, ಜನರಿಗೂ ಉತ್ತರ ಸಿಕ್ಕಿತು.

ಆಕಾಶದ ಒಗಟು ಸೈನ್ಯವನ್ನೂ ಬಿಡುವುದಿಲ್ಲ. 2012ರಲ್ಲಿ ಲಡಾಖ್ ಗಡಿಯ ಯೋಧರು ಹೊಳೆಯುವ ವಸ್ತುಗಳನ್ನು ಮತ್ತೆ ಮತ್ತೆ ಕಂಡು, ಚೀನಾದ ಡ್ರೋನ್ ಇರಬಹುದೆಂದು ವರದಿ ಕಳಿಸಿದರು. ಅವನ್ನು ಪತ್ತೆ ಹಚ್ಚಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು. ಯೋಧರು ಕಂಡದ್ದು ಶುಕ್ರ ಮತ್ತು ಗುರು ಗ್ರಹಗಳನ್ನು.

ಅಮೆರಿಕದಲ್ಲಿ ಇದೇ ಕುತೂಹಲ ಹಣದ ಪ್ರಶ್ನೆಯಾಯಿತು. ಗುರುತು ಸಿಗದ ಹಾರುವ ವಸ್ತುಗಳ ತಪಾಸಣೆಗೆ ಪೆಂಟಗನ್ 2.2 ಕೋಟಿ ಡಾಲರ್ ಸದ್ದಿಲ್ಲದೆ ಖರ್ಚು ಮಾಡಿತ್ತು ಎಂದು 2017ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. 2023ರಲ್ಲಿ ಸಂಸತ್ ಸಮಿತಿಯ ಮುಂದೆ ಬಹಿರಂಗ ವಿಚಾರಣೆ ನಡೆಯಿತು. ಅನ್ಯಗ್ರಹದವರ ತಂತ್ರಜ್ಞಾನಕ್ಕೆ ಪುರಾವೆಯಿಲ್ಲ ಎಂದು ಪೆಂಟಗನ್‌ನ ಕಚೇರಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು.

ನಮ್ಮಲ್ಲಿ ರಕ್ಷಣೆಯ ಗುಟ್ಟಿನ ಗೋಡೆಯೊಳಗೆ ಖರ್ಚಾಗುವ ಹಣದ ಲೆಕ್ಕ ನೋಡುವವರು ಮಹಾಲೇಖಪಾಲರು (ಸಿಎಜಿ). ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ ತೇಜಸ್ ಯುದ್ಧವಿಮಾನಕ್ಕೆಂದು ಕೈಗೆತ್ತಿಕೊಂಡ ಕಾವೇರಿ ಎಂಜಿನ್ ಯೋಜನೆಯನ್ನೇ ನೋಡಿ. 1989ರಲ್ಲಿ ಮಂಜೂರಾದದ್ದು 382.81 ಕೋಟಿ ರೂಪಾಯಿ. ಅಂದಾಜು 2,839 ಕೋಟಿಗೆ ಏರಿತು. ತೇಜಸ್‌ಗೆ ಮಾತ್ರ ಅಮೆರಿಕದ ಎಂಜಿನ್ನೇ ಗತಿಯಾಯಿತು. ಲೆಕ್ಕಪರಿಶೋಧಕರು ಇದನ್ನು ಬರೆದಿಟ್ಟರು. 2015ರ ವರದಿಯಲ್ಲಿ ತೇಜಸ್‌ನ ಮೊದಲ ಮಾದರಿಯಲ್ಲೇ 53 ಗಂಭೀರ ಕೊರತೆಗಳನ್ನು ಪಟ್ಟಿಮಾಡಿದರು. ಹೀಗೆ ಲೆಕ್ಕ ಬಯಲಾದರೂ ಎಂಜಿನ್ನಿನ ನಕ್ಷೆ ಯಾರ ಕೈಗೂ ಸಿಗಲಿಲ್ಲ.

ಲೆಕ್ಕಪರಿಶೋಧನೆಯ ಈ ಕಿಟಕಿಯೂ ಈಗ ಕಿರಿದಾಗಿದೆ. ಕೆಲ ವರ್ಷಗಳಿಂದ ರಕ್ಷಣಾ ವೆಚ್ಚದ ವರದಿಗಳು ಸಂಸತ್ತಿನಲ್ಲಿ ಮಂಡನೆಯಾದರೂ ಮಹಾಲೇಖಪಾಲರ ಜಾಲತಾಣಕ್ಕೆ ಬರುವುದಿಲ್ಲ.

ಉಳಿದದ್ದು 2005ರ ಮಾಹಿತಿ ಹಕ್ಕು ಕಾಯ್ದೆ. ಜಿಟಿಆರ್‌ಇಯ ಮಾತೃಸಂಸ್ಥೆ ಡಿಆರ್‌ಡಿಒಗೆ 24ನೇ ಕಲಂನಡಿ ವಿನಾಯಿತಿ ಇದೆ, ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಅದು ಅನ್ವಯಿಸದು. ವಾಯುಪಡೆ ಆ ವಿನಾಯಿತಿ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಕೆಂಗೇರಿಯವರೊಬ್ಬರು 10 ರೂಪಾಯಿ ಶುಲ್ಕ ಕಟ್ಟಿ ಅಂದಿನ ಸದ್ದಿನ ಬಗ್ಗೆ ಕೇಳಿದರೆ, ವಾಯುಪಡೆ 30 ದಿನಗಳೊಳಗೆ ಉತ್ತರಿಸಬೇಕು. ಕೊಡುವುದಿಲ್ಲ ಎನ್ನುವುದಾದರೆ ಯಾವ ಕಲಂ ಪ್ರಕಾರ ಎಂದು ಬರೆದು ತಿಳಿಸಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ.