ಎಲೆ ಅಲುಗದ ರಾತ್ರಿಯ ಸದ್ದು

ಸಂಜೆ ಗಾಳಿ ನಿಂತಿತು ಎನ್ನುತ್ತೇವಲ್ಲ, ನಿಲ್ಲುವುದು ನಮ್ಮ ತಲೆಯ ಮಟ್ಟದ ಗಾಳಿ ಮಾತ್ರ. ಹೊತ್ತು ಮುಳುಗಿ ನೆಲ ತಣ್ಣಗಾದ ಮೇಲೆ ಅದಕ್ಕೆ ತಾಗಿದ ಗಾಳಿಯ ಪದರವೂ ತಣಿದು, ಭಾರವಾಗಿ, ಕೆಳಗೇ ಮಲಗಿಬಿಡುತ್ತದೆ. ಮೇಲಿನ ಗಾಳಿಗೆ ಆಗ ಗಿಡಮರ, ಮನೆಮಾರುಗಳ ತಡೆಯಿಲ್ಲ, ಹಾಯಾಗಿ ಓಡುತ್ತದೆ. ಅಂಗಳದಲ್ಲಿ ಎಲೆಯೂ ಅಲುಗದಿರುವಾಗ ನೂರು ಮೀಟರ್ ಎತ್ತರದ ಗಾಳಿಯಂತ್ರ ತಿರುಗುತ್ತಲೇ ಇರುವುದು ಹೀಗೆ.

ಶಬ್ದದ ಲೆಕ್ಕ ಹಾಕುವವರು ಇದನ್ನು ಮರೆತಿದ್ದರು. ಜರ್ಮನಿಯ ರೇಡೆ ಎಂಬಲ್ಲಿ, ನೆದರ್‌ಲೆಂಡ್ಸ್ ಗಡಿಗೆ ಅಂಟಿಕೊಂಡಂತೆ, 17 ಗಾಳಿಯಂತ್ರಗಳು ನಿಂತಿದ್ದವು. ಗಡಿಯಾಚೆಯ ಡಚ್ ಜನ ರಾತ್ರಿಯ ಸದ್ದಿನ ಬಗ್ಗೆ ದೂರುತ್ತಿದ್ದರು, 1.9 ಕಿಲೋಮೀಟರ್ ದೂರದ ಮನೆಯವರೂ ಅವರಲ್ಲಿದ್ದರು. ಗ್ರೋನಿಂಗೆನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಫ್ರಿಟ್ಸ್ ವಾನ್ ಡೆನ್ ಬರ್ಗ್ ರಾತ್ರಿಗಳಲ್ಲಿ ಅಳೆದು ನೋಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. 10 ಮೀಟರ್ ಎತ್ತರದ ಗಾಳಿಯನ್ನು ನೋಡಿ, ಹಗಲಿನ ಅನುಪಾತವನ್ನೇ ರಾತ್ರಿಗೂ ಹಚ್ಚಿ, ಮೇಲಿನ ಗಾಳಿಯನ್ನು ಊಹಿಸಲಾಗಿತ್ತು. ನಿಜದಲ್ಲಿ ಮೇಲಿನ ವೇಗ ಆ ಊಹೆಯ 2.6 ಪಟ್ಟಿನವರೆಗೂ ಏರುತ್ತಿತ್ತು. ಕೆಳಗಿನ ಗಾಳಿ ಅಷ್ಟೇ ಇರುವ ಹಗಲಿಗಿಂತ ಸದ್ದು 15 ಡೆಸಿಬೆಲ್‌ವರೆಗೆ ಹೆಚ್ಚು, ಅಂದರೆ ಶಬ್ದದ ಶಕ್ತಿಯಲ್ಲಿ ಸುಮಾರು ಮೂವತ್ತು ಪಟ್ಟು. ದೂರಿದವರ ಕಿವಿ ಸರಿಯಾಗಿಯೇ ಇತ್ತು.

ಈ ಸದ್ದು ಹೆಚ್ಚಾಗಿ ಗಿಯರ್‌ಗಳದ್ದಲ್ಲ, ರೆಕ್ಕೆಯದು. ರೆಕ್ಕೆಯ ತುದಿ ಗಂಟೆಗೆ 250 ಕಿಲೋಮೀಟರ್ ದಾಟಿ ಓಡುತ್ತದೆ. ತುದಿಗೆ ಹತ್ತಿರದ ಭಾಗದಲ್ಲಿ ಹಿಂಬದಿಯ ಅಂಚನ್ನು ಬಿಟ್ಟು ಹೋಗುವ ಸುಳಿಗಾಳಿಯೇ 'ಸುಯ್' ಎನ್ನುವುದು. ರೆಕ್ಕೆ ಕೆಳಗಿಳಿಯುವಾಗ ನಮಗದು ಜೋರಾಗಿ ಕೇಳುತ್ತದೆ. ಹೊಳೆಯ ಮೊರೆತಕ್ಕೆ ಕಿವಿ ಒಗ್ಗೀತು. ಏರಿ ಇಳಿದು ಮತ್ತೆ ಏರುವುದಕ್ಕೆ ಒಗ್ಗದು. ಸೋರುವ ನಲ್ಲಿಯ ಪಕ್ಕ ಮಲಗಿದವರಿಗೆ ಗೊತ್ತು. ಒಂದು ಅನುಕೂಲವಿದೆ: ಸದ್ದಿನ ಶಕ್ತಿ ವೇಗದ ಐದನೇ ಘಾತದಂತೆ ಏರುವುದರಿಂದ ರೆಕ್ಕೆಯನ್ನು ಹತ್ತರಲ್ಲಿ ಒಂದು ಪಾಲು ನಿಧಾನ ಮಾಡಿದರೂ ಎರಡು ಡೆಸಿಬೆಲ್‌ಗಿಂತ ಹೆಚ್ಚು ಇಳಿಯುತ್ತದೆ. ವಿದ್ಯುತ್ತೂ ಕೊಂಚ ಇಳಿಯುತ್ತದೆ, ಕಂಪನಿಗಳ ತಕರಾರು ಅಲ್ಲಿಯೇ. ಗೂಬೆಯ ಗರಿಯಂಚಿನಂತೆ ರೆಕ್ಕೆಯ ಹಿಂಬದಿಗೆ ಗರಗಸದ ಹಲ್ಲು ಅಂಟಿಸುವುದು ಇನ್ನೊಂದು ಉಪಾಯ.

ಈ ಸದ್ದಿಗೆ ಮಿತಿ ಹಾಕುವ ನಿಯಮಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಡೆನ್ಮಾರ್ಕಿನದು. ಒಂಟಿಮನೆಯ ಹೊರಗೆ, ಗಾಳಿ ಸೆಕೆಂಡಿಗೆ 8 ಮೀಟರ್ ಇದ್ದಾಗ 44 ಡೆಸಿಬೆಲ್ ಮಿತಿ. 6 ಮೀಟರ್ ಇದ್ದಾಗ 42. ಗಾಳಿ ಮೆಲ್ಲಗಿದ್ದರೆ ಯಂತ್ರದ ಸದ್ದನ್ನು ಮುಚ್ಚಲು ಎಲೆಗಳ ಮರ್ಮರ ಇರುವುದಿಲ್ಲವೆಂಬುದು ಆ ಎರಡು ಅಂಕಿಗಳೊಳಗಿದೆ. 2012ರಿಂದ ಗೋಡೆ ದಾಟಿ ಒಳಬರುವ ತಗ್ಗು ಸ್ವರದ ಗುಂಯ್‌ಗುಡುವಿಕೆಗೂ, ಮನೆಯೊಳಗೆ, 20 ಡೆಸಿಬೆಲ್ ಮಿತಿ ಬಂತು. ನೆದರ್‌ಲೆಂಡ್ಸ್ ಮಾತ್ರ ವರ್ಷದ ಸರಾಸರಿಗೆ 47 ಎಂದಿಟ್ಟಿತ್ತು. ಸರಾಸರಿಗೆ ಯಾರ ನಿದ್ದೆಯೂ ಕೆಡುವುದಿಲ್ಲ. ಕೆಡುವುದು ಒಂದೊಂದು ರಾತ್ರಿ. ಪರಿಸರ ಪರಿಣಾಮದ ಪರಿಶೀಲನೆಯನ್ನೇ ಮಾಡದೆ ರೂಪಿಸಿದ್ದೆಂದು 2021ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಆ ನಿಯಮವನ್ನು ಬದಿಗಿಟ್ಟಿತು.

ನಮ್ಮ ಗದಗ, ಚಿತ್ರದುರ್ಗದ ಗುಡ್ಡಸಾಲುಗಳಲ್ಲೂ ಗಾಳಿಯಂತ್ರಗಳಿವೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಡೆಸಿಬೆಲ್ ಬಿಟ್ಟು ಹಿಡಿದದ್ದು ಅಳತೆಯ ಟೇಪನ್ನು: ಸದ್ದು ತಗ್ಗಿಸಲು ಮನೆಯಿಂದ 500 ಮೀಟರ್ ದೂರ. ರೇಡೆಯಲ್ಲಿ ಬಲವಾಗಿ ದೂರಿದವರ ಮನೆಗಳೂ 500 ಮೀಟರ್ ಮತ್ತು ಅದರಾಚೆಯೇ ಇದ್ದವು.