ಗಾಳಿಯ ವ್ಯಾಪಾರ

ಗಾಳಿಯನ್ನು ಸಂತೆಗೊಯ್ದು ಮಾರಬಹುದೆಂದರೆ ವಾಚಕರಿಗೆ ನಗು ಬಂದೀತು. ಆದರೆ ಗದಗಿನ ಕಪ್ಪತಗುಡ್ಡದ ಮೇಲೂ ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಲೂ ಬೀಸುವ ಗಾಳಿಯಿಂದ ಹುಟ್ಟಿದ ವಿದ್ಯುತ್ತಿಗೆ ಇಂದು ಇಡೀ ದೇಶವೇ ಮಾರುಕಟ್ಟೆ. ಕಣ್ಣಿಗೆ ಕಾಣದ, ಕೂಡಿಡಲು ಸುಲಭವಲ್ಲದ ಈ ಸರಕಿಗೆ ಬೆಲೆ ಕಟ್ಟುವ ಬಗೆ ಯಾವುದು? ದೀಪ ಹಚ್ಚುವ ಪ್ರತಿಯೊಂದು ಸಂಸಾರವೂ ಇದನ್ನು ತಿಳಿದಿರುವುದು ಒಳ್ಳೆಯದು.

ವಿದ್ಯುತ್ತನ್ನು ದೂರದಿಂದ ಕೊಳ್ಳುವುದು ನಮ್ಮ ಉರಿಗಾಮಿಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ಶಕ್ತಿಯು ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿಬಂದು ಇಲ್ಲಿನ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತು. ಅಂದು ಮಾರುವವರು ಮೈಸೂರು ಸರ್ಕಾರದವರು, ಕೊಳ್ಳುವವರು ಗಣಿ ಕಂಪನಿಯವರು. ಬೆಲೆ ಕರಾರಿನಲ್ಲಿ ಬರೆದಿಟ್ಟದ್ದು. 2001ರಲ್ಲಿ ಗಣಿಗಳು ಮುಚ್ಚಿದವು. ಅಷ್ಟರಲ್ಲಿ ವ್ಯಾಪಾರದ ರೀತಿಯೂ ಬದಲಾಗತೊಡಗಿತ್ತು.

2003ರ ವಿದ್ಯುತ್ ಕಾಯಿದೆಯು, ಬಾಡಿಗೆ ತೆತ್ತು ಪರರ ತಂತಿಯ ಮೇಲೆ ತನ್ನ ವಿದ್ಯುತ್ತನ್ನು ಸಾಗಿಸುವ ಹಕ್ಕನ್ನು ಕೊಟ್ಟಿತು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ತೆರೆದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಕೂಡಿಕೊಂಡಿತು. ಗದಗಿನ ಗಾಳಿಯೇ ಪಂಜಾಬಿನ ದೀಪವನ್ನು ಬೆಳಗುತ್ತದೆಂದು ಇದರ ಅರ್ಥವಲ್ಲ. ಒಂದೇ ಕೆರೆಗೆ ಒಬ್ಬನು ನೀರು ಸುರಿದು ಇನ್ನೊಬ್ಬನು ಮೊಗೆದುಕೊಂಡಂತೆ. ಸುರಿದದ್ದಕ್ಕೂ ಮೊಗೆದದ್ದಕ್ಕೂ ಲೆಕ್ಕ ಕೂಡಬೇಕು, ಅಷ್ಟೇ.

ಕೋಲಾರದ ಟೊಮ್ಯಾಟೊ ಹರಾಜನ್ನು ತಾವು ಕಂಡಿರಬಹುದು. ಅಲ್ಲಿ ಒಂದೊಂದು ರಾಶಿಗೆ ಒಂದೊಂದು ಬೆಲೆ. ವಿದ್ಯುತ್ತಿನ ಹರಾಜು ಬೇರೆ ತೆರನಾದುದು. ನಾಳೆಯ ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಇಂದೇ ಬೆಲೆ ಗೊತ್ತುಮಾಡುತ್ತಾರೆ. ಮಾರುವವರನ್ನು ಕಡಮೆ ಬೆಲೆಯಿಂದ ಮೇಲಕ್ಕೂ, ಕೊಳ್ಳುವವರನ್ನು ಹೆಚ್ಚು ಬೆಲೆಯಿಂದ ಕೆಳಕ್ಕೂ ಸಾಲಾಗಿ ನಿಲ್ಲಿಸಿದಾಗ, ಎರಡು ಸಾಲುಗಳೂ ಸಂಧಿಸುವ ಬೆಲೆಯೇ ಆ ಕಾಲುಗಂಟೆಗೆ ಎಲ್ಲರ ಬೆಲೆ. ಗಾಳಿಗೆ ಕಲ್ಲಿದ್ದಲಿನ ಖರ್ಚಿಲ್ಲ. ಆದುದರಿಂದ ಅದು ಅಗ್ಗವಾಗಿ ಕೇಳಿ ಸಾಲಿನಲ್ಲಿ ಮುಂದೆ ನಿಲ್ಲಬಲ್ಲದು. ಹಸುರು ವಿದ್ಯುತ್ತಿಗೆಂದೇ 2020ರಿಂದ ಪ್ರತ್ಯೇಕ ಪೇಟೆಯೂ ನಡೆಯುತ್ತಿದೆ. ಆದರೂ ನಮ್ಮ ರಾಜ್ಯದ ಪವನವಿದ್ಯುತ್ತಿನ ದೊಡ್ಡ ಪಾಲು ಹಲವು ವರ್ಷಗಳ ಕರಾರಿನಂತೆ ಸರಬರಾಜು ಕಂಪನಿಗಳಿಗೆ ಸಲ್ಲುತ್ತದೆ.

ತೊಡಕು ಇರುವುದು ಗಾಳಿಯ ಸ್ವಭಾವದಲ್ಲಿ. ನಾಳೆ ಎಷ್ಟು ಕೊಡುವೆನೆಂದು ಮಾರುವವನು ಇಂದೇ ಮಾತು ಕೊಡಬೇಕು. ಮಾತು ಬಹಳವಾಗಿ ತಪ್ಪಿದರೆ ದಂಡ ತೆರಬೇಕು. ಮೇಲಾಗಿ ಆಷಾಢದಲ್ಲಿ ಎಲ್ಲರ ಯಂತ್ರಗಳೂ ಒಟ್ಟಿಗೆ ತಿರುಗುವುದರಿಂದ ಸರಕು ಹೆಚ್ಚಿ ಬೆಲೆ ಇಳಿಯುತ್ತದೆ. ಬೇಸಗೆಯ ಸಂಜೆ, ಸೂರ್ಯನೂ ಮುಳುಗಿ ಗಾಳಿಯೂ ಅಡಗಿದಾಗ, ಬೆಲೆ ಏರುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಪಂಪುಸೆಟ್ಟುಗಳ ಬೇಡಿಕೆ ಏರಿತು. ಆಗ ರಾಜ್ಯ ಸರ್ಕಾರವು ಕಾಯಿದೆಯ 11ನೆಯ ಸೆಕ್ಷನ್ನಿನಂತೆ, ಇಲ್ಲಿನ ಉತ್ಪಾದಕರು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕೆಂದು ಆಜ್ಞೆ ಮಾಡಿತು. ಉತ್ತರಪ್ರದೇಶ, ಪಂಜಾಬುಗಳಿಂದ ಕೈಗಡವನ್ನೂ ಪಡೆಯಿತು: ಹಣದ ಬದಲು ವಿದ್ಯುತ್ತನ್ನೇ ಪಡೆದು, ಮುಂದಿನ ಮುಂಗಾರಿನಲ್ಲಿ ವಿದ್ಯುತ್ತನ್ನೇ ಹಿಂದಿರುಗಿಸುವ ಕರಾರು. ನೆರೆಮನೆಯಿಂದ ಸೇರು ಅಕ್ಕಿ ಕಡ ತಂದು ಸುಗ್ಗಿಯಲ್ಲಿ ಅಳೆದು ಕೊಟ್ಟಂತೆ! ಗಾಳಿಯ ಸುಗ್ಗಿ ನಮ್ಮಲ್ಲಿ ಮುಂಗಾರೇ ಅಲ್ಲವೇ?

ಈ ಲೆಕ್ಕ ದೂರದ ಕಚೇರಿಗಳಲ್ಲಿಯೇ ಮುಗಿಯುವುದಿಲ್ಲ. ಅಗ್ಗದ ಕಾಲದಲ್ಲಿ ಮಾರಿ, ತುಟ್ಟಿಯ ಕಾಲದಲ್ಲಿ ಕೊಂಡರೆ, ಆ ವ್ಯತ್ಯಾಸವು ವೆಚ್ಚದ ಹೊಂದಾಣಿಕೆಯೆಂಬ ಹೆಸರಿನಲ್ಲಿ ಕೊನೆಗೆ ನಮ್ಮ ಮನೆಯ ಬಿಲ್ಲನ್ನೇ ಸೇರುತ್ತದೆ. ಆದಕಾರಣ ಗಾಳಿ ಬೀಸುವಾಗ ಲಿಂಗನಮಕ್ಕಿಯ ನೀರನ್ನು ಆದಷ್ಟು ಉಳಿಸಿ, ಗಾಳಿ ನಿಂತ ಸಂಜೆಗೆ ಬಳಸುವುದು ಜಾಣತನ. ಡೆನ್ಮಾರ್ಕಿನ ಗಾಳಿಯೂ ನಾರ್ವೆಯ ನೀರೂ ಹೀಗೆಯೇ ಒಂದಕ್ಕೊಂದು ಒದಗುತ್ತವೆ. ಮುಂದಿನ ತಿಂಗಳ ಬಿಲ್ಲು ಬಂದಾಗ ಒಟ್ಟು ಮೊತ್ತವನ್ನು ಮಾತ್ರ ನೋಡದೆ, ಹೊಂದಾಣಿಕೆಯ ಆ ಒಂದು ಸಾಲನ್ನೂ ತಾವು ಓದಿ ನೋಡಬೇಕು.