ಬ್ಲ್ಯಾಕ್ ಹಿಲ್‌ನ ಮಳೆ, ಗಿರಣಿಯ ಕಲ್ಲು

ಪೆನೈನ್ ವೇ ಇಂಗ್ಲೆಂಡಿನ ದೂರನಡಿಗೆಯ ಹಾದಿ. 1965ರಲ್ಲಿ ತೆರೆದದ್ದು; ಈಡೇಲ್‌ನಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್‌ವರೆಗೆ ಸುಮಾರು 430 ಕಿ.ಮೀ. ನಾನು ಈ ಹಾದಿಯಲ್ಲಿನ ಬ್ಲ್ಯಾಕ್ ಹಿಲ್ ಬೆಟ್ಟ ದಾಟಿದ ದಿನ ಬೆಳಗಿನಿಂದಲೂ ಮಳೆ. ಆಗುಂಬೆಯ ಹಾಗೆ ಧೋ ಎನ್ನುವುದಲ್ಲ. ಗಾಳಿಯೊಂದಿಗೆ ಅಡ್ಡಡ್ಡ ಬಂದು ಕೊರಳೊಳಗೆ ಇಳಿಯುವಂಥದ್ದು.

ಕಾಲಡಿಯದು ಬರೀ ಕೆಸರಲ್ಲ, ಪೀಟ್. ಸ್ಫ್ಯಾಗ್ನಮ್ ಪಾಚಿಯಂಥ ಸಸ್ಯಗಳು ನೀರಲ್ಲಿ ಪೂರ್ತಿ ಕೊಳೆಯದೆ ಪದರಗಟ್ಟಿದ್ದು. ಒಂದು ಮೀಟರ್ ಬೆಳೆಯಲು ಹೆಚ್ಚುಕಡಿಮೆ ಸಾವಿರ ವರ್ಷ ಬೇಕು. ಊರುಗೋಲು ಚುಚ್ಚಿದೆ, ಅರ್ಧಕ್ಕರ್ಧ ಇಳಿಯಿತು, ಕೀಳುವಾಗ ಪಚಕ್ಕೆಂದಿತು.

ಈಗ ಇಲ್ಲಿ ಹಳೆಯ ಗಿರಣಿಗಳ ನೆಲಗಲ್ಲು ತಂದು ಹಾಸಿದ್ದಾರೆ, ಬೂಟುಗಳು ಪೀಟನ್ನು ತುಳಿದು ಹಾಳುಮಾಡದಿರಲೆಂದು. ಕಟ್ಟಾ ಚಾರಣಿಗರಲ್ಲಿ ಕೆಲವರಿಗೆ ಈ ಕಲ್ಲು ಕಂಡರಾಗದು. ನನ್ನ ಮೊಣಕಾಲಿನ ಮತ ಮಾತ್ರ ಕಲ್ಲಿಗೇ. ನೆನೆದಾಗ ಜಾರುತ್ತದೆ, ನೋಡಿ ಕಾಲಿಡಬೇಕು.